ಅರ್ಥ ಕೊಟ್ಟಿದ್ದು

ತುಳಸಕ್ಕನ ಫ್ರಿಜ್ಜಿನ ಪ್ಲಗ್ಗಿಗೆ ಮೂರನೇ ಕಾಲಿರಲಿಲ್ಲ.
ಮಡಗಾಂವಿನ ಐಸ್‌ಕ್ರೀಮ್ ಅಂಗಡಿಯಿಂದ
ಟೆಂಪೋ ಏರಿ ಬಂದದ್ದು; ಅಲಿಗದ್ದೆಯ ಗೋಡೆಗೆ
ತೂತು ಎರಡೇ ಅಂತ ಅಳಿಯ ಗರಗಸ ಹಾಕಿದ್ದ.
‘ದಪ್ಪ ಕಾಲು ತಂಗಿ, ಸುಮ್ಮನೆ ಅಡ್ಡ ಬರ್ತಿತ್ತು.’

ಮುಟ್ಟಿದರೆ?
‘ಜುಂ ಅಂತದೆ, ಅಷ್ಟೇಯ. ಸಿಗಡಿ ಕೊಂಬು ತಾಗ್ದಂಗೆ.
ಹಗಲೆಲ್ಲ ಸಿಗಡಿ ಸುಲಿಯೋ ಕೈಗೆ ಅದ್ಯಾವ ಲೆಕ್ಕ?’

ಫ್ರಿಜ್ಜಿನ ಮುಂದೆ ಒಂದು ಜೊತೆ ಹವಾಯಿ ಚಪ್ಪಲಿ,
ದೇವರ ಮುಂದೆ ದೀಪ ಇಟ್ಟಷ್ಟು ನೇರ.
ಇಡೀ ಮನೆಗೆ ಅದೊಂದೇ ಜೊತೆ:
ಹಾಕಿಕೋ, ಬಾಗಿಲು ತೆಗಿ, ಬಿಟ್ಟು ಹೋಗು.
ನಾನು ಚೀಲದಲ್ಲಿ ಟೆಸ್ಟರ್ ಹುಡುಕುತ್ತಿದ್ದೆ.
ಮೊಮ್ಮಗಳು ದರ್ಶಿತಾ, ನಾಲ್ಕು ತುಂಬಿಲ್ಲ,
ದೋಣಿಯಂಥ ಆ ಚಪ್ಪಲಿಯೊಳಗೆ ಕಾಲಿಟ್ಟು
ಚರ್ರ ಚರ್ರ ಎಳೆಯುತ್ತ ನೀರಿನ ಬಾಟಲಿಗೆ ಹೊರಟಳು.
ನಡುವೆ ಒಂದು ಕಳಚಿತು. ನಿಂತಳು.
ಹಿಂದೆ ಬಂದು ಹಾಕಿಕೊಂಡು ಮತ್ತೆ ಹೊರಟಳು.

ಟೆಸ್ಟರನ್ನು ಬಾಗಿಲಿಗೆ ತಾಗಿಸಿದೆ.
ಹಿಡಿಯೊಳಗೆ ಕೆಂಪು ಹುಳ ಎದ್ದು ಕೂತಿತು.
ಮಾತಾಡಲಿಲ್ಲ. ಮೇನ್ ಇಳಿಸಿದೆ,
ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಂಡೆ.

ಜೇಬಿಗೇ ಹಾಕಬೇಕು. ಇನಾಸ್ ಬಾಬ ಕಲಿಸಿದ್ದು,
ಬಲಗೈಯಲ್ಲಿ ಉಳಿದ ಮೂರು ಬೆರಳು ತೋರಿಸಿ:
ಬೈತಖೋಲದ ಐಸ್ ಫ್ಯಾಕ್ಟರಿ, ತಾನು ಏಣಿಯ ಮೇಲೆ,
ಕೆಳಗೆ ಯಾರೋ ‘ಅರೆ, ಲೈಟ್ ಹೋಗಿದೆ’ ಅಂತ
ಒಳ್ಳೆಯ ಮನಸ್ಸಿನಿಂದಲೇ ಮೇನ್ ಏರಿಸಿದ್ದ.
ಆಮೇಲೆ ಒಂದು ಭಾನುವಾರ ಇಗರ್ಜಿಯಲ್ಲಿ
ಮೊಣಕಾಲೂರಿದವನ ಅಂಗಿಯ ಜೇಬಲ್ಲಿ
ಕೋಡಿಬಾಗದ ಯಾರದೋ ಮನೆಯ ಫ್ಯೂಜು.
ಮನೆಯವರು ಬಾಗಿಲಲ್ಲಿ ಕಾಯುತ್ತಿದ್ದರು, ಬೈಯುತ್ತ.
‘ಬೈಯೋದಕ್ಕೆ ಬದುಕಿದ್ರಲ್ಲ’ ಅಂದ.

ನಾಲ್ಕನೇ ಇಯತ್ತೆ ಓದಿದವ. ಅರ್ತ್ ಅನ್ನುವುದನ್ನು
ನೋಟುಪುಸ್ತಕದಲ್ಲಿ ‘ಅರ್ಥ’ ಅಂತಲೇ ಬರೆಯುತ್ತಿದ್ದ.
ಸುಂಕೇರಿ ಶಾಲೆ: ಅರ್ಥ ಕಡಿದಿದೆ.
ಡಾಕ್ಟರ ಮನೆ: ಅರ್ಥಕ್ಕೆ ತುಕ್ಕು.
ಐಟಿಐ ಮುಗಿಸಿ ಬಂದ ನಾನು ಮೊದಲು ನಕ್ಕೆ,
ಬರಬರುತ್ತ ನಾನೂ ಹಾಗೇ ಬರೆದೆ.

‘ಮೂರನೇ ಕಾಲು ಉದ್ದ ಯಾಕೆ ಗೊತ್ತಾ ತುಳಸಕ್ಕ?
ಮದುವೆ ಮನೆಯ ಸೋದರಮಾವನ ಹಾಗೆ ಅದು,
ಎಲ್ಲರಿಗಿಂತ ಮೊದಲು ಒಳಗೆ ಹೋಗಬೇಕು,
ಎಲ್ಲರೂ ಹೋದ ಮೇಲೇ ಹೊರಡಬೇಕು.’
‘ನನ್ನ ಸೋದರಮಾವ ಊಟಕ್ಕೇ ಬರ್ತಿದ್ದ’ ಅಂದಳು.

ಹಿತ್ತಲಲ್ಲಿ ಹೊಂಡ. ಮೊದಲು ಮರಳು, ಮತ್ತೆ ಚಿಪ್ಪು,
ಎದೆಮಟ್ಟಕ್ಕೆ ಬಂದಾಗ ತಂಪು.
ಪೈಪು ಇಳಿಸಿ, ಇದ್ದಲು ಸುರಿದು, ಉಪ್ಪು ಕೇಳಿದೆ.
‘ಮೀನಿಗೂ ಉಪ್ಪು, ಕರೆಂಟಿಗೂ ಉಪ್ಪಾ?’
ಬಂಗಡೆ ಒಣಗಿಸಲು ತರಿಸಿದ ಸಾಣಿಕಟ್ಟೆಯ ಮೂಟೆ
ಒಲ್ಲದ ಮನಸ್ಸಲ್ಲಿ ಬಿಚ್ಚಿದಳು.
ಈ ಊರಲ್ಲಿ ನನ್ನ ಸ್ವಿಚ್ಚು, ಸ್ಕ್ರೂ, ತಾಮ್ರದ ತಂತಿ
ಎಲ್ಲ ತಿನ್ನುವುದು ಉಪ್ಪೇ.
ಅದನ್ನೇ ಹೂತು ಕಾವಲಿಗೆ ಕೂರಿಸಿದೆ.
‘ಬೇಸಿಗೆಯಲ್ಲಿ ಎರಡೆರಡು ಕೊಡ ಹಾಕು.
ಉಪ್ಪು ತಿಂದ ಹೊಂಡ ನೀರು ಕುಡಿಯಲೇಬೇಕು.’
ಆಗ ನಕ್ಕಳು, ಬೆಳಗಿನಿಂದ ಮೊದಲ ಸಲ.

ಹೊಸ ಪ್ಲಗ್ಗು, ಹೊಸ ಸಾಕೆಟ್ಟು, ಟ್ರಿಪ್ಪರ್ ಒಂದು.
ಟೆಸ್ಟರಿನ ಹುಳ ಏಳಲಿಲ್ಲ.
ತುಳಸಕ್ಕ ಬರಿಗಾಲಲ್ಲಿ ಬಂದು, ಬಾಗಿಲಿಗೆ ಬೆರಳಿಟ್ಟು,
ಬಾರದ ಜುಂಗೆ ತುಸು ಹೊತ್ತು ಕಾದಳು.
‘ಏನೂ ಇಲ್ಲ’ ಅಂದಳು, ಯಾರೋ ನೆಂಟರು
ಹೇಳದೆ ಹೊರಟುಹೋದ ಹಾಗೆ.
ದರ್ಶಿತಾ ಮಾತ್ರ ಚಪ್ಪಲಿ ಹಾಕಿಕೊಂಡೇ ಬಂದಳು.
ಯಾರೂ ಬೇಡ ಅನ್ನಲಿಲ್ಲ.

ಬಿಲ್ಲು ಬರೆದೆ: ಮನೆಗೆ ಅರ್ಥ ಕೊಟ್ಟಿದ್ದು, ೧.
ಉಪ್ಪು ನಿಮ್ಮದೇ.

ಟ್ರಿಪ್ಪರಿನ ಗುಂಡಿ ತಿಂಗಳಿಗೊಮ್ಮೆ ಒತ್ತಬೇಕು.
ತಾರೀಕು ನೆನಪಿರುವುದಿಲ್ಲ ಅಂದಳು;
ಅಮಾವಾಸ್ಯೆ ಅಂದೆ, ಅದನ್ನು ಭರತವೇ ಹೇಳುತ್ತದೆ.
ಈಗ ಅಮಾವಾಸ್ಯೆ ಸಂಜೆಗೆ ಫೋನು ಬರುತ್ತದೆ.
‘ಬಿತ್ತು’ ಅನ್ನುತ್ತಾಳೆ, ಅಷ್ಟೇ.
ಫ್ರಿಜ್ಜಿನ ಗೊರಕೆ ನಿಂತಿರುತ್ತದೆ.
ಅವಳು ಕತ್ತಲಲ್ಲಿ ತಡಕಿ ಎತ್ತುವವರೆಗೆ
ನನ್ನ ಕಿವಿಯಲ್ಲಿ ಅಲಿಗದ್ದೆಯ ಕಡಲು.